ಕ್ಷೌರದಂಗಡಿಯ ಎರಡು ಗಿಡಗಳು

"ಗರಗಸ ಕೆಳಗಿಡಿ," ಎಂದಳು ಹೆಂಡತಿ, ಊಟದ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತು.

ಕ್ಷೌರಿಕ ಸ್ಟೂಲಿನ ಮೇಲಿದ್ದ. ಬಾಗಿಲ ಬಲಕ್ಕಿದ್ದ ಪಾಮ್ ಗಿಡದ ತುದಿ ಚಾವಣಿಗೆ ತಗುಲಿ ಬಾಗಿತ್ತು. ಅದರ ಕುತ್ತಿಗೆಗೆ ಅವನು ಗರಗಸ ಹಿಡಿದಿದ್ದ. ಬೆಂಚಿನ ಮೇಲೆ ಕುಳಿತಿದ್ದವನು, ಬೀದಿಯವರೆಲ್ಲ ಬೋಳು ಮಾವ ಎಂದು ಕರೆಯುವ ಮುದುಕ ಒಬ್ಬನೇ. ತಲೆಯಲ್ಲಿ ಕತ್ತರಿಸಲು ಏನೂ ಉಳಿದಿರದಿದ್ದರೂ ಪುಕ್ಕಟೆ ಪೇಪರಿಗಾಗಿ ದಿನವೂ ತಪ್ಪದೆ ಬರುವ ಆಸಾಮಿ.

"ಅದನ್ನ ಕತ್ತರಿಸಿದ್ನಲ್ಲ, ಏನಾಯ್ತು?" ಕ್ಷೌರಿಕ ಎಡಗಡೆಯ ಗಿಡ ತೋರಿಸಿದ.

ಅದಕ್ಕೆ ಒಳ್ಳೆಯದೇ ಆಗಿತ್ತು. ಬೇಸಿಗೆಗೆ ಮುಂಚೆ ಅದೂ ಹೀಗೇ ಚಾವಣಿ ಮುಟ್ಟಿದಾಗ ಅವನು ತಲೆ ಹಾರಿಸಿದ್ದ. ಕೆಲವು ವಾರ ಬರೀ ಕೋಲಾಗಿ ನಿಂತು, ಆಮೇಲೆ ತೊಗಟೆ ಒಡೆದು ಎರಡು ತಲೆ ಚಿಗುರಿಸಿತು. ಕತ್ತರಿಸಿದ ತುದಿಯನ್ನು ಹೆಂಡತಿ ಅಡುಗೆಮನೆ ಕಿಟಕಿಯ ಕುಂಡದಲ್ಲಿ ಊರಿದಳು. ಅದೂ ಬೇರು ಬಿಟ್ಟಿತು. ನೀರು ಹಾಕಲು ಮರೆತರೂ ಮುನಿಯದ, ಏಟಿಗೆ ಜಗ್ಗದ ಗಿಡ. ಕ್ಷೌರಿಕ ಮಾತ್ರ ಇದೆಲ್ಲ ತನ್ನ ಕೈಗುಣವೆಂದು ಬಂದವರಿಗೆಲ್ಲ ಹೇಳಿಕೊಂಡಿದ್ದ.

"ಅದು ಯುಕ್ಕಾ. ಇದು ಪಾಮ್," ಎಂದಳು.

"ಎರಡೂ ಪಾಮೇ. ಇದಕ್ಕೆ ಜೋಡಿ ಬೇಕು ಅಂದಿದ್ದಕ್ಕೆ ತಾನೇ ಗಿಡದಂಗಡಿಯವನು ಅದನ್ನ ಕೊಟ್ಟಿದ್ದು?"

"ಅವನಿಗೆ ಮಾರಿದ್ರೆ ಸಾಕಿತ್ತು. ದಿನಾ ಎಲೆ ಒರೆಸೋಳು ನಾನು. ಯುಕ್ಕಾಕ್ಕೆ ತೊಟ್ಟೇ ಇಲ್ಲ, ಎಲೆ ಕಾಂಡದಿಂದ ಸೀದಾ ಕತ್ತಿ ಥರ ಬರುತ್ತೆ. ಇದಕ್ಕೆ ಉದ್ದ ತೊಟ್ಟು, ಗರಿ ನಿಮ್ಮ ಬಾಚಣಿಗೆ ಥರ ಸೀಳಿದೆ. ತೆಂಗಿನ ಬಳಗ ಇದು. ಸುಳಿ ಕತ್ತರಿಸಿದ್ರೆ ಕಥೆ ಮುಗೀತು."

"ಕತ್ತರಿಸಿದ್ದು ಮತ್ತೆ ಬೆಳೆಯುತ್ತೆ ಕಣೇ. ಅದರಿಂದಲೇ ನಮ್ಮ ಹೊಟ್ಟೆ ತುಂಬ್ತಿರೋದು."

"ಹೌದಾ?" ಬೋಳು ಮಾವ ಪೇಪರ್ ಮಡಿಸಿ ತಲೆ ಬಗ್ಗಿಸಿದ. "ಹಾಗಾದ್ರೆ ಇದು ಯಾವಾಗ ಬೆಳೆಯುತ್ತೆ, ಸ್ವಲ್ಪ ಹೇಳಪ್ಪ."

ಹೆಂಡತಿ ನಗಲಿಲ್ಲ. "ಇದು ನಮ್ಮಪ್ಪ ಬೀಜ ಹಾಕಿ ಬೆಳೆಸಿದ್ದು. ಅವರ ಕೈಯಿಂದ ಬಂದಿದ್ದರಲ್ಲಿ ಉಳಿದಿರೋದು ಇದೊಂದೇ," ಎಂದಳು.

ಕ್ಷೌರಿಕ ಇಳಿದ. ಕೂದಲ ಬುಡ ನೋಡುವವನಂತೆ ಯುಕ್ಕಾದ ಕಾಂಡದ ಮೇಲೆ ಹೆಬ್ಬೆರಳು ಆಡಿಸಿದ. ಎರಡು ತಲೆಗಳ ಕೆಳಗೆ ಇನ್ನೊಂದು ಗಂಟು ಆಗಲೇ ಉಬ್ಬುತ್ತಿತ್ತು. ಪಾಮ್‌ನ ಕಾಂಡದಲ್ಲಿ ಬುಡದಿಂದ ಮೇಲಿನವರೆಗೆ ಉದುರಿದ ಗರಿಗಳ ಬಳೆಗುರುತು ಬಿಟ್ಟರೆ ಏನೂ ಸಿಗಲಿಲ್ಲ. ಮತ್ತೆ ಸ್ಟೂಲು ಹತ್ತಿ ಗರಿಗಳನ್ನು ಸರಿಸಿದ. ನಡುವೆ, ಇನ್ನೂ ಬಿಚ್ಚದ ಒಂದೇ ಒಂದು ಗರಿ ಮಡಿಕೆಗೆ ಮಡಿಕೆ ಒತ್ತಿಕೊಂಡು ಈಟಿಯಂತೆ ನಿಂತಿತ್ತು. ಚಾವಣಿಗೆ ಒತ್ತಿ ಬಾಗಿದ ಅದರ ತುದಿ ಕಂದಿತ್ತು. ಇಷ್ಟೆತ್ತರದ ಗಿಡ ತನ್ನದೆಲ್ಲವನ್ನೂ ಈ ಒಂದು ಜಾಗದಲ್ಲಿ ಇಟ್ಟುಕೊಂಡು ಬೆಳೆದಿತ್ತು.

"ಎಂಥಾ ಎದೆಗಾರಿಕೆ ಇದಕ್ಕೆ!" ಎಂದ, ತನ್ನಷ್ಟಕ್ಕೆ. ಆಮೇಲೆ, "ಇನ್ನೆಲ್ಲಿಡೋದು?"

"ಹೊರಗೆ, ಮೆಟ್ಟಿಲ ಪಕ್ಕ. ಅಲ್ಲಿ ಸುಡುಬಿಸಿಲು ಬೀಳಲ್ಲ."

"ಜೋಡಿ ತಪ್ಪುತ್ತಲ್ಲೇ."

"ಅವು ಯಾವತ್ತು ಜೋಡಿಯಾಗಿದ್ವು?"

ಬಾಗಿಲು ಗಿಡಕ್ಕಿಂತ ಗಿಡ್ಡ. ಓರೆ ಮಾಡಿದರೆ ಗರಿಗಳು ಚೌಕಟ್ಟಿಗೆ ಸಿಕ್ಕಿ ಮುರಿಯುತ್ತವೆ. ಕ್ಷೌರಿಕ ಒಗೆದಿಟ್ಟ ಬಿಳಿ ಬಟ್ಟೆ ತೆಗೆದು, ಗಿರಾಕಿಗೆ ಹೊದಿಸುವಂತೆ ಗರಿಗಳ ಸುತ್ತ ಹೊದಿಸಿ, ಹಿಂದೆ ಸಡಿಲವಾಗಿ ಗಂಟು ಹಾಕಿದ. ಕುಂಡವನ್ನು ಅವನೂ ಬೋಳು ಮಾವನೂ ಎತ್ತಿದರು.

"ಕುತ್ತಿಗೆ ಹುಷಾರು," ಎನ್ನುತ್ತ ಹೆಂಡತಿ ತುದಿಯನ್ನು ತೋಳಲ್ಲಿ ಆತುಕೊಂಡು ಹಿಮ್ಮುಖವಾಗಿ ಹೊಸ್ತಿಲು ದಾಟಿದಳು.

ಹೊರಗೆ ಗಿಡವನ್ನು ನೆಟ್ಟಗೆ ನಿಲ್ಲಿಸಿ, ಕ್ಷೌರಿಕ ಸ್ಟೂಲು ತಂದು ಗಂಟು ಬಿಚ್ಚಿದ. ಬಟ್ಟೆಯೊಳಗಿಂದ ಗರಿಗಳು ಒಂದೊಂದಾಗಿ ಬಿಡಿಸಿಕೊಂಡು ಗಾಳಿಗೆ ಅಗಲವಾದವು. ನಡುವಿನ ಬಾಗಿದ ಗರಿ ನಿಧಾನವಾಗಿ ಮೇಲೆದ್ದಿತು. ಅದರ ಮೇಲೆ ತಗುಲುವಂಥದ್ದು ಏನೂ ಇರಲಿಲ್ಲ.