ನಿಂತರೆ ಸರಿಹೋಗತ್ತೆ

ಡ್ರೈವರುಗಳ ಮಾತನ್ನು ನಾನು ಯಾವತ್ತೂ ಕಿವಿಗೆ ಹಾಕಿಕೊಂಡವನಲ್ಲ. ಗ್ಯಾಸಿನಲ್ಲಿ ಓಡುವ ಲಾರಿ ವರ್ಕ್‌ಶಾಪಿಗೆ ಬಂದರೆ ಮೊದಲು ಲ್ಯಾಪ್‌ಟಾಪ್ ಜೋಡಿಸಬೇಕು, ಆಮೇಲೆ ಪ್ಲಗ್ ಬಿಚ್ಚಬೇಕು, ಸೋಪುನೀರು ಹಚ್ಚಿ ಸೋರಿಕೆ ನೋಡಬೇಕು. ಡ್ರೈವರನ ಕಥೆಯನ್ನು ಟೀ ಕುಡಿಯುವಾಗ ಕೇಳಿದರಾಯಿತು. ಇಪ್ಪತ್ತು ವರ್ಷ ಇದೇ ನನ್ನ ಪದ್ಧತಿ. ಆ ಡ್ರೈವರುಗಳಲ್ಲಿ ಒಬ್ಬರು ನನ್ನ ಅಕ್ಕನ ಗಂಡ.

ಭಾವ ಓಡಿಸುತ್ತಿದ್ದದ್ದು ಹದಿನೇಳನೇ ನಂಬರಿನ ಲಾರಿ. ಜಲ್ಲಿ ತುಂಬಿಕೊಂಡು ದಿನಕ್ಕೆ ಎರಡು ಸಲ ಗುಡ್ಡದ ಏರು ಹತ್ತುವ ಗಾಡಿ. ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಅದನ್ನು ಅಂಗಳದಲ್ಲಿ ನಿಲ್ಲಿಸಿ, ಎಂದಿನಂತೆ ತಮಾಷೆಯಿಂದ ನನ್ನನ್ನು ಕೂಗಿದರು.

"ಡಾಕ್ಟ್ರೇ, ಏರು ಹತ್ತುವಾಗ ಇದಕ್ಕೆ ಉಸಿರು ಕಟ್ಟತ್ತೆ ಕಣಯ್ಯ. ಅರ್ಧಕ್ಕೆ ಹೋಗೋಷ್ಟರಲ್ಲಿ ಎಳೆಯೋದೇ ಇಲ್ಲ. ಅರ್ಧ ಗಂಟೆ ನಿಂತರೆ ಸರಿಹೋಗತ್ತೆ."

"ಅರ್ಧ ಗಂಟೆ ನಿಂತರೆ ನೀವೂ ಸರಿಹೋಗ್ತೀರಿ ಭಾವ. ಒಂದು ಒಳ್ಳೇ ನಿದ್ದೆ ಆಗತ್ತಲ್ಲ!"

ಅಲ್ಲಿದ್ದವರೆಲ್ಲ ನಕ್ಕರು. ಭಾವನೂ ನಕ್ಕರು. ನಾನು ಇಂಜಿನ್ ಚಾಲೂ ಮಾಡಿದೆ, ಗಡಿಯಾರದ ಹಾಗೆ ನಡೆಯಿತು. ಲ್ಯಾಪ್‌ಟಾಪಿನಲ್ಲಿ ಒಂದೇ ಒಂದು ಹಳೆಯ ದಾಖಲೆ ಇತ್ತು: ಗ್ಯಾಸ್ ಒತ್ತಡ ಕಡಿಮೆ. ಸಿಲಿಂಡರ್ ಖಾಲಿಯಾಗುವ ತನಕ ಓಡಿಸಿದ್ದಾರೆ, ಕೇಳಿದರೆ ಒಪ್ಪುವುದಿಲ್ಲ ಎಂದುಕೊಂಡು ಅದನ್ನು ಅಳಿಸಿಬಿಟ್ಟೆ. ತಪಾಸಣೆಯ ಕಾರ್ಡಿನಲ್ಲಿ "ದೋಷ ಕಂಡುಬಂದಿಲ್ಲ" ಎಂದು ಬರೆದು ಸಹಿ ಹಾಕಿದೆ.

ಹಾಗೆ ಐದು ಸಲ ಬರೆದೆ. ಪ್ರತಿ ಸಲ ಭಾವ ಒಂದೇ ಮಾತು ಕೇಳುತ್ತಿದ್ದರು. "ಒಂದ್ಸಲ ನನ್ನ ಜೊತೆ ಏರು ಹತ್ತಿ ಬಾರಯ್ಯ. ನಾನು ಸುಳ್ಳು ಹೇಳ್ತಿಲ್ಲ ಅಂತ ನಿಂಗೆ ಗೊತ್ತಾದ್ರೆ ಸಾಕು." ನನಗೆ ಪುರುಸೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಪುರುಸೊತ್ತಿತ್ತು, ಮನಸ್ಸಿರಲಿಲ್ಲ. ಐದನೇ ಸಲ ಅವರು ಅಂಗಳಕ್ಕೆ ತಿರುಗುತ್ತಿದ್ದಂತೆಯೇ ನಾನು, "ಬಂದರಪ್ಪ ನೆಪರಾಯರು!" ಎಂದೆ. ಆ ಹೆಸರು ಅಂಟಿಕೊಂಡಿತು. ಆಫೀಸಿನವರೂ ಹಾಗೇ ಕರೆದರು. ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗಲೂ ನಾನು ಹಾಗೇ ಕರೆದೆ, ಅಕ್ಕ ಬಡಿಸುತ್ತ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

ನನ್ನ ಐದು ಕಾರ್ಡುಗಳನ್ನು ಮುಂದಿಟ್ಟುಕೊಂಡು ಮ್ಯಾನೇಜರು ಭಾವನನ್ನು ಗಾಡಿಯಿಂದ ಇಳಿಸಿದರು. ಮೂರನೇ ಮಹಡಿಯ ಬಿಡಿಭಾಗದ ಕೋಣೆಗೆ ಹಾಕಿದರು. ಸ್ಟೀರಿಂಗ್ ಹಿಡಿದ ಕೈಗೆ ರಟ್ಟಿನ ಪೆಟ್ಟಿಗೆ ಎತ್ತುವ ಕೆಲಸ ಬಂತು. ಅವರು ಜಗಳವಾಡಲಿಲ್ಲ. ಕಿಟಕಿಯಿಂದ ಹದಿನೇಳು ಹೊರಡುವುದನ್ನು ಮಾತ್ರ ನೋಡುತ್ತ ನಿಲ್ಲುತ್ತಿದ್ದರು.

ಆಮೇಲೆ ಒಂದು ದಿನ ಮೆಟ್ಟಿಲ ಬುಡದಲ್ಲಿ ಕೂತಿದ್ದ ಭಾವ ನನ್ನನ್ನು ಕರೆದರು. "ಹತ್ತುವಾಗ ಎದೆ ಹಿಡಿದ ಹಾಗಾಗತ್ತೆ ಕಣಯ್ಯ. ಸ್ವಲ್ಪ ನಿಂತರೆ ಸರಿಹೋಗತ್ತೆ."

"ಗಾಡೀದು ಮುಗೀತು, ಈಗ ನಿಮ್ದು ಶುರುವಾಯ್ತಾ?" ಎಂದೆ. ಕಂಪನಿಯ ಡಾಕ್ಟರು ಅವರನ್ನು ಮಂಚದ ಮೇಲೆ ಮಲಗಿಸಿ ತಂತಿ ಅಂಟಿಸಿ ನೋಡಿ, ಏನೂ ಇಲ್ಲ ಎಂದು ಕಳಿಸಿದರಂತೆ. ನಾನು ಅದಕ್ಕೂ ನಕ್ಕೆ. ಮುಂದಿನ ತಿಂಗಳು ಒಂದು ಮಧ್ಯಾಹ್ನ ಭಾವ ಮೆಟ್ಟಿಲ ತಿರುವಿನಲ್ಲಿ, ಫಿಲ್ಟರಿನ ಪೆಟ್ಟಿಗೆ ತಬ್ಬಿಕೊಂಡೇ ಕುಸಿದರು. ಆಸ್ಪತ್ರೆ ತಲುಪಲಿಲ್ಲ.

ಕಳೆದ ವಾರ ಹದಿನೇಳು ಮತ್ತೆ ಬಂತು. ನಡುವೆ ಅದನ್ನು ಓಡಿಸಿದವರು, ನೆಪರಾಯರೆಂಬ ಹೆಸರು ತಮಗೂ ಅಂಟೀತೆಂದು ದೂರು ಹೇಳಿರಲಿಲ್ಲ. ಈಗ ಅದನ್ನು ಓಡಿಸುವವಳು ಒಬ್ಬ ಡ್ರೈವರಮ್ಮ, ಯಾರ ಮುಲಾಜಿಗೂ ಬೀಳುವವಳಲ್ಲ. "ಏರಲ್ಲಿ ಎಳೆಯಲ್ಲ ಸಾರ್. ನಿಂತರೆ ಸರಿಹೋಗತ್ತೆ," ಎಂದಳು.

ನನ್ನ ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ನಿಂತಿತು. ಅವಳು, "ನಂಬಿಕೆ ಇಲ್ದಿದ್ರೆ ಹತ್ತಿ ಕೂತ್ಕೊಳ್ಳಿ," ಎಂದು ಪಕ್ಕದ ಬಾಗಿಲು ತೆರೆದಳು. ಹತ್ತಿ ಕೂತೆ.

ತುಂಬಿದ ಜಲ್ಲಿ, ಉರಿಬಿಸಿಲು. ಏರಿನ ಅರ್ಧಕ್ಕೆ ಇಂಜಿನ್ ಒಮ್ಮೆ ಕೆಮ್ಮಿತು, ಆಮೇಲೆ ಬಲ ಬಿಟ್ಟಿತು. ಅವಳು ಗಾಡಿಯನ್ನು ಅಂಚಿಗೆ ತಂದು ನಿಲ್ಲಿಸಿದ ಕೂಡಲೇ ನಾನು ಹಾರಿ ಇಳಿದೆ. ಸಿಲಿಂಡರಿನ ಗ್ಯಾಸಿನ ಒತ್ತಡ ಇಳಿಸುವ ರೆಗ್ಯುಲೇಟರ್ ಮೇಲೆ ಬಿಳಿ ಹಿಮ ಕಟ್ಟಿತ್ತು. ಒತ್ತಡ ಇಳಿಯುವಾಗ ಗ್ಯಾಸು ತಣ್ಣಗಾಗುತ್ತದೆ, ಹಾಗಾಗಿ ಇಂಜಿನ್ನಿನ ಬಿಸಿನೀರು ಒಂದು ರಬ್ಬರ್ ಕೊಳವೆಯಲ್ಲಿ ಬಂದು ರೆಗ್ಯುಲೇಟರನ್ನು ಬೆಚ್ಚಗಿಡಬೇಕು, ಇಲ್ಲದಿದ್ದರೆ ಅದು ಹೆಪ್ಪುಗಟ್ಟಿ ಗ್ಯಾಸಿನ ದಾರಿ ಕಟ್ಟುತ್ತದೆ. ಕೊಳವೆ ಮುಟ್ಟಿದೆ. ಒಂದು ತುದಿ ಸುಡುತ್ತಿತ್ತು, ಇನ್ನೊಂದು ತುದಿ ತಣ್ಣಗಿತ್ತು.

ನಾವು ಅಲ್ಲೇ ಕಾದೆವು. ನೋಡುನೋಡುತ್ತಿದ್ದಂತೆ ಹಿಮ ಕರಗಿ, ಹನಿಹನಿಯಾಗಿ ರಸ್ತೆಗೆ ಬಿದ್ದು ಒಣಗಿಹೋಯಿತು. ಅರ್ಧ ಗಂಟೆಗೆ ಇಂಜಿನ್ ಗಡಿಯಾರದ ಹಾಗೆ ನಡೆಯಿತು. ವರ್ಕ್‌ಶಾಪಿಗೆ ಬಂದು ಕೊಳವೆ ಸೀಳಿದೆ. ಹೊರಗೆ ಹೊಸದರ ಹಾಗೆ ಕಾಣುತ್ತಿದ್ದ ಅದರ ಒಳಪದರ ಸುಲಿದು ನಾಲಿಗೆಯಂತೆ ಅಡ್ಡ ಬಿದ್ದಿತ್ತು. ನಿಂತ ಗಾಡಿಗೆ ಗ್ಯಾಸು ಬೇಕಾಗುವುದು ಚೂರೇ ಚೂರು, ಹಿಮ ಕಟ್ಟುವುದೇ ಇಲ್ಲ. ಐದು ಸಲವೂ ನಾನು ಕರಗಿಹೋದ ದೋಷವನ್ನು ಹುಡುಕಿದ್ದೆ. ಭಾವ ಹೇಳಿದ್ದು ಅಕ್ಷರಶಃ ನಿಜ. ಗಾಡಿಯದೂ ನಿಜ, ಎದೆಯದೂ ನಿಜ.

ಸೀಳಿದ ಕೊಳವೆಯನ್ನು ಹಳೇ ಬಟ್ಟೆಯಲ್ಲಿ ಸುತ್ತಿಕೊಂಡು ಅಕ್ಕನ ಮನೆಗೆ ಹೋದೆ. ಅವಳು ಅಡುಗೆಮನೆಯ ನೆಲದ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ: ಹಿಮ, ಕೊಳವೆ, ನಾನು ಅಳಿಸಿದ ದಾಖಲೆ. "ಭಾವ ಸುಳ್ಳು ಹೇಳ್ಲಿಲ್ಲ ಅಕ್ಕ. ನಂದೇ ತಪ್ಪು," ಎಂದೆ.

ಅವಳು ಬೈಯಲಿ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅಕ್ಕ ಕೊಳವೆ ಕೈಗೆ ತೆಗೆದುಕೊಂಡು ಆ ಸುಲಿದ ರಬ್ಬರನ್ನು ಬೆರಳಿನಿಂದ ಸವರಿದಳು.

"ಅವರು ಹೋಗೋ ಹಿಂದಿನ ದಿನ ದೊಡ್ಡಾಸ್ಪತ್ರೆಗೆ ಜೊತೇಲಿ ಬಾ ಅಂದ್ರು ಕಣೋ," ಎಂದಳು. "ಮೆಟ್ಟಿಲು ಹತ್ತಿಸಿ ಪರೀಕ್ಷೆ ಮಾಡಿ ಅಂತ ನೀನು ಡಾಕ್ಟ್ರಿಗೆ ಹೇಳು, ನಾನು ಹೇಳಿದ್ರೆ ಯಾರೂ ನಂಬಲ್ಲ ಅಂದ್ರು."

"ನೀನೇನಂದೆ?"

ಅವಳು ಕೊಳವೆಯನ್ನು ಬಟ್ಟೆಯಲ್ಲಿ ಮತ್ತೆ ಸುತ್ತಿ ನನ್ನ ಮಡಿಲಲ್ಲಿಟ್ಟಳು.

"ನೀನಿಟ್ಟ ಹೆಸರಿತ್ತಲ್ಲ," ಎಂದಳು ಅಕ್ಕ, "ಅದರಲ್ಲೇ ಕರೆದೆ."