ಅಜ್ಜಿಗೊಂದು ಗುರುತು

ಸುಂಟಿಕೊಪ್ಪದಲ್ಲಿ ಬಸ್ ಇಳಿದು, ಮೊಬೈಲ್ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದರೆ ನನ್ನ ಟ್ಯಾಟೂ ಅಂಗಡಿ. ಯಮುನಾ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ. ಸೂಜಿ ಅಕ್ಕ ಅಂದರೆ ಆಟೋದವರೂ ದಾರಿ ತೋರಿಸುತ್ತಾರೆ. ನನ್ನ ಬಾಯಿ ನನ್ನ ಸೂಜಿಗಿಂತ ಚೂಪು ಅಂತ ಮನೆಯಲ್ಲಿ ಅಮ್ಮನ ದೂರು. ಏನು ಮಾಡಲಿ, ಬರುವ ಗಿರಾಕಿಗಳೂ ಹಾಗೇ ಇರುತ್ತಾರೆ. ಒಬ್ಬನಿಗೆ ಎದೆ ತುಂಬ ಸಿಂಹ ಬೇಕು, ಸೂಜಿ ತಾಗಿದ ಕೂಡಲೇ ಬೆಕ್ಕಿನ ಹಾಗೆ ಕಿರುಚುತ್ತಾನೆ. ಇನ್ನೊಬ್ಬ ಹೋದ ವರ್ಷ ಬರೆಸಿಕೊಂಡ ಹುಡುಗಿಯ ಹೆಸರಿನ ಮೇಲೆ ಹದ್ದು ಕೂರಿಸಿ ಮುಚ್ಚಿಬಿಡಿ ಅಂತ ಬರುತ್ತಾನೆ. "ಮುಂದಿನವಳ ಹೆಸರನ್ನು ಪೆನ್ಸಿಲಲ್ಲಿ ಬರೆಸ್ಕೋ ಮಾರಾಯ" ಅಂತ ಬೈದೇ ಕಳಿಸುತ್ತೇನೆ. ಬೈದರೂ ಬರುತ್ತಾರೆ. ಮೈಮೇಲೆ ತನ್ನದು ಅಂತ ಒಂದು ಗುರುತು ಇರಬೇಕು ಅನ್ನುವ ಆಸೆ ಬೈಗುಳಕ್ಕೆಲ್ಲ ಹೆದರುವುದಿಲ್ಲ.

ಕಾಫಿ ಕೊಯ್ಲು ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ವಯಸ್ಸಾದ ಹೆಂಗಸೊಬ್ಬರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ದಾರಿ ತಪ್ಪಿ ಬಂದಿರಬೇಕು ಅಂದುಕೊಂಡು, "ಹಲ್ಲಿನ ಡಾಕ್ಟ್ರು ಆಚೆ ಬಿಲ್ಡಿಂಗ್ ಅವ್ವಾ" ಅಂದೆ. ಅವರು ಕುರ್ಚಿಯಲ್ಲಿ ಕೂತು, ಸೆರಗು ಸರಿಸಿ ಬಲಗೈಯನ್ನು ನನ್ನ ಮೇಜಿನ ಮೇಲೆ ಇಟ್ಟರು. ಮುಂಗೈಯಿಂದ ಮೊಣಕೈವರೆಗೆ ಹಸಿರು ಹಚ್ಚೆ. ನಡುವೆ ತುಳಸಿಕಟ್ಟೆ, ಅದರ ಎರಡೂ ಕಡೆ ಚೇಳು, ಕೆಳಗೆ ಚುಕ್ಕಿಗಳ ಸಾಲು.

"ಹಿಂಗೇ ನನ್ನ ಮಗಳಿಗೆ ಹಾಕ್ಕೊಡ್ಬೇಕು ಕಣವ್ವ. ಒಂದು ಚುಕ್ಕಿನೂ ಆಚೀಚೆ ಆಗಬಾರದು."

ಅವರ ಹೆಸರು ಚಲುವಮ್ಮ. ಊರು ಕುಶಾಲನಗರದ ಆಚೆ, ಹೆಬ್ಬಾಲೆ ಕಡೆ. ಹಾಸನದಿಂದ ಬಂದು ಅಲ್ಲಿ ನೆಲೆ ನಿಂತ ಮನೆತನ. ನಾನು ಕೈಯನ್ನು ದೀಪದ ಕೆಳಗೆ ಹಿಡಿದು ನೋಡಿದೆ. ಎಡಗಡೆಯ ಚೇಳಿಗೆ ಬಾಲವೇ ಇರಲಿಲ್ಲ.

"ಇದನ್ನು ಹಾಕಿದವಳಿಗೆ ನಿದ್ದೆ ಬಂದಿತ್ತಾ ಎಂತ? ನಿಮ್ಮ ಮಗಳಿಗೆ ನಾನು ಬಾಲ ಇಟ್ಟು ಕೊಡ್ತೇನೆ ಬಿಡಿ."

"ಅಯ್ಯೋ, ಬಾಲ ಇಟ್ಟೀಯ ಜ್ವಾಕೆ!" ಅವರು ಕೈ ಎಳೆದುಕೊಂಡರು. "ನಮ್ಮವ್ವಂಗೆ ಚಿಕ್ಕೋಳಿದ್ದಾಗ ಹಚ್ಚೆ ಹಾಕ್ತಿದ್ರಂತೆ. ಚೇಳಿನ ಬಾಲ ಬರೋ ಹೊತ್ತಿಗೆ ನೋವು ತಡೀದೆ ಕೈ ಕಿತ್ಕಂಡು ಓಡೋದ್ಲಂತೆ. ಆಮ್ಯಾಕೆ ನನಗೂ ಬಾಲ ಇಲ್ದಂಗೇ ಹಾಕಿಸಿದ್ಲು. ಆ ಕಡೆ ಹೋದ್ಮ್ಯಾಲೆ ನಿನ್ನನ್ನ ಗುರ್ತು ಹಿಡಿಯೋಕೆ ಬೇಕಲ್ಲ ಮಗಾ, ಅಂದಿದ್ಲು."

ಸತ್ತಾಗ ಒಡವೆ ಬಿಚ್ಚುತ್ತಾರೆ, ಹಚ್ಚೆ ಮಾತ್ರ ಜೊತೆಗೆ ಬರುತ್ತದೆ ಅನ್ನುವ ಮಾತನ್ನು ನಾನೂ ಕೇಳಿದ್ದೆ. ನಗುತ್ತ, "ಮಗಳಿಗೆ ಮದುವೆಯಾ?" ಅಂದೆ.

"ಮದುವೆ ಎಲ್ಲಿ ಬಂತವ್ವ. ಅವಳಿಗೆ ರಕ್ತದ ಕ್ಯಾನ್ಸರು. ಮನೆಗೆ ಕರ್ಕಂಡೋಗಿ ಅಂದವ್ರೆ ಮೈಸೂರು ಡಾಕ್ಟ್ರು."

ಅವರು ನಿಧಾನವಾಗಿ ಹೇಳುತ್ತಲೇ ಹೋದರು. ಮಗಳು ರಂಜಿತಾ ಹುಟ್ಟುವ ಮುಂಚೆಯೇ ಅಜ್ಜಿ ತೀರಿಹೋಗಿದ್ದರಂತೆ. "ನಮ್ಮವ್ವ ಈ ಮಗೀನ ಮುಖಾನೇ ಕಂಡಿಲ್ಲ. ನಾನು ಜೊತ್ಯಾಗೆ ಹೋಗೋಕಾಯ್ತದಾ? ಇವಳೊಬ್ಬಳೇ ಹೋಗ್ಬೇಕು. ಅಲ್ಲಿ ಯಾರವ್ವ ಇವಳನ್ನ ನಮ್ಮೋಳು ಅಂತ ಕರ್ಕಳ್ಳೋದು?"

ಇಂಥ ರೋಗಕ್ಕೆ ಸೂಜಿ ತಾಗಿಸಿದರೆ ರಕ್ತ ನಿಲ್ಲುವುದಿಲ್ಲ. ಅಷ್ಟು ನನಗೆ ಗೊತ್ತಿತ್ತು. ಆಗಲ್ಲ ಅಂತ ಹೇಳಲು ಬಾಯಿ ತೆರೆದವಳು, "ಬಂದು ನೋಡ್ತೇನೆ ಅವ್ವಾ" ಅಂದುಬಿಟ್ಟೆ. ಅವರ ಕೈಮೇಲೆ ತೆಳು ಕಾಗದ ಹಾಸಿ, ಹಚ್ಚೆಯನ್ನು ಬಾಲವಿಲ್ಲದ ಚೇಳಿನ ಸಮೇತ ಇಳಿಸಿಕೊಂಡೆ.

ಭಾನುವಾರ ಹೋದೆ. ರಂಜಿತಾ ಜಗುಲಿಯ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಓದು ಮುಗಿಸಿ ಕುಶಾಲನಗರದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದ ಹುಡುಗಿ. ತೋಳಿನ ತುಂಬ ಆಸ್ಪತ್ರೆಯವರು ಚುಚ್ಚಿದ ಕಡೆಯೆಲ್ಲ ನೇರಳೆ ಕಲೆ. ಅವಳ ಅಪ್ಪ ಕೃಷ್ಣಪ್ಪನವರು ನನ್ನನ್ನು ನೋಡಿ ತಲೆಯಾಡಿಸಿ ಹೊಲದ ಕಡೆ ನಡೆದುಬಿಟ್ಟರು.

"ಅವ್ವ, ಅಕ್ಕಂಗೆ ಕಾಫಿ ಮಾಡು" ಅಂತ ತಾಯಿಯನ್ನು ಒಳಗೆ ಕಳಿಸಿ ಹುಡುಗಿ ನನ್ನತ್ತ ಬಾಗಿದಳು. "ಅಕ್ಕ, ಹಾಕೋಕಾಗಲ್ಲ ಅಂತ ನಂಗೊತ್ತು. ಪೆನ್ನಲ್ಲಿ ಬರೆದುಬಿಡಿ. ಮಿಷನ್ ಸುಮ್ನೆ ಆನ್ ಮಾಡಿ. ಮಿಕ್ಕಿದ್ದು ನಾನು ನೋಡ್ಕೋತೀನಿ."

"ಅವ್ವನಿಗೆ ಮೋಸ ಮಾಡೋದಾ?"

ಅವಳು ಅಡಿಗೆಮನೆಯ ಕಡೆ ನೋಡಿದಳು. "ಸ್ಕೂಲಲ್ಲಿದ್ದಾಗ ಅವ್ವ ಹಚ್ಚೆ ಹಾಕಿಸ್ತೀನಿ ಅಂದ್ರು, ಬೇಡ ಅಂತ ಊಟ ಬಿಟ್ಟು ಹಟ ಮಾಡಿದೆ. ಕಾಲೇಜು ಸೇರಿದ ಮೇಲೆ ಬಸ್ ಸ್ಟ್ಯಾಂಡಲ್ಲಿ ಫ್ರೆಂಡ್ಸ್ ಎದುರಿಗೆ ಬಂದ್ರೆ, ಕೈ ಮುಚ್ಕೋ ಅವ್ವ ಅಂತಿದ್ದೆ. ಮುಚ್ಕೋತಿದ್ರು ಅಕ್ಕ. ಒಂದಿನಾನೂ ಯಾಕೆ ಅಂತ ಕೇಳ್ಲಿಲ್ಲ. ಈಗ ಒಂದೇ ಒಂದು ಕೇಳ್ತಿದಾರೆ."

ಮತ್ತೆ ನಾನು ವಾದ ಮಾಡಲಿಲ್ಲ. ಸೂಜಿ ತೆಗೆದಿಟ್ಟ ಮಿಷನ್ ಒಂದು ಕೈಯಲ್ಲಿ ಗುಂಯ್ ಅನ್ನುತ್ತಿತ್ತು, ಇನ್ನೊಂದು ಕೈಯಲ್ಲಿ ಚರ್ಮದ ಮೇಲೆ ಬರೆಯುವ ಪೆನ್ನು ಹಿಡಿದಿದ್ದೆ. ಚಲುವಮ್ಮ ಕಾಫಿ ತಂದವರು ನಮ್ಮ ಹತ್ತಿರ ಬರದೆ ಬಾಗಿಲಲ್ಲೇ ನಿಂತರು. ರಂಜಿತಾ ಹಲ್ಲು ಕಚ್ಚಿದಳು, "ಅಮ್ಮಾ" ಅಂದಳು, ಕಣ್ಣಲ್ಲಿ ನೀರು ಕೂಡ ತಂದುಕೊಂಡಳು. ನಾಟಕದವರೂ ಇಷ್ಟು ಚೆನ್ನಾಗಿ ಅಳುವುದಿಲ್ಲ. ಆದರೆ ಅದೆಲ್ಲ ನಾಟಕವೇ ಆಗಿತ್ತು ಅಂತ ನಾನು ಹೇಳಲಾರೆ.

ಮುಗಿದ ಮೇಲೆ ಚಲುವಮ್ಮ ಬಂದು ಮಗಳ ಕೈಯನ್ನು ತಮ್ಮ ಕೈಯ ಪಕ್ಕ ಇಟ್ಟುಕೊಂಡು ನೋಡಿದರು. "ಸರ್ಯಾಗೈತೆ. ನಮ್ಮವ್ವಂದೇ ಕೈ" ಅಂದರು. ಮಗಳ ಮುಖದಲ್ಲಿ ನಗು ಮೂಡಿತು. ಅವತ್ತು ಬಸ್ಸಿನಲ್ಲಿ ಕೂತು, ಒಳ್ಳೆಯ ಕೆಲಸ ಮಾಡಿದೆ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ವಾರ ಕಳೆಯುವುದರೊಳಗೆ ಕೃಷ್ಣಪ್ಪನವರ ಫೋನ್ ಬಂತು. "ಮಗ ಹೋಗ್ಬುಟ್ಟಳು ಕಣವ್ವ ಬೆಳಿಗ್ಗೆ. ಅವಳವ್ವ ನಿಮ್ಮನ್ನ ಕರಿ ಅಂತಾವ್ಳೆ. ನೀರು ಹಾಕೋಕೆ ಮುಂಚೆ ಬರ್ಬೇಕಂತೆ."

ನೀರು! ಎಲ್ಲ ಯೋಚನೆ ಮಾಡಿದ್ದೆ, ಹೆಣಕ್ಕೆ ಸ್ನಾನ ಮಾಡಿಸುತ್ತಾರೆ ಅನ್ನುವುದೊಂದು ಹೊಳೆದಿರಲಿಲ್ಲ. ಬಿಸಿನೀರು ಬಿದ್ದು, ಸೀಗೆಪುಡಿ ತಿಕ್ಕಿದರೆ ತುಳಸಿಕಟ್ಟೆ, ಚೇಳು, ಚುಕ್ಕಿ ಎಲ್ಲ ಆ ತಾಯಿಯ ಕಣ್ಣೆದುರಿಗೇ ಹರಿದುಹೋಗುತ್ತದೆ. ಮಗಳು ಸತ್ತ ದಿನವೇ ಅವಳು ಮೋಸ ಮಾಡಿದ್ದೂ ತಿಳಿಯಬೇಕಾ? ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದು ಸುಳ್ಳು ಹುಡುಕಿದೆ. ಬಾಯಿಬಡುಕಿ ನಾನು, ಅವತ್ತು ಒಂದೂ ಸಿಗಲಿಲ್ಲ.

ಹಿತ್ತಿಲಲ್ಲಿ ಸೀರೆ ಕಟ್ಟಿ ಮರೆ ಮಾಡಿದ್ದರು. ಒಳಗೆ ಹಲಗೆಯ ಮೇಲೆ ರಂಜಿತಾಳನ್ನು ಮಲಗಿಸಿದ್ದರು. ಹಂಡೆಯ ಹತ್ತಿರ ಮೂರ್ನಾಲ್ಕು ಹೆಂಗಸರು ನಿಂತಿದ್ದರು. ಚಲುವಮ್ಮ ಅವರನ್ನೆಲ್ಲ, "ಒಸಿ ಆಚೆ ಹೋಗಿ" ಅಂತ ಕಳಿಸಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಹುಡುಗಿಯ ಕೈಮೇಲಿನ ಗೆರೆಗಳು ಆಗಲೇ ಮಾಸಿದ್ದವು. ಒಂದು ಚೇಳು ಕಾಣುತ್ತಲೇ ಇರಲಿಲ್ಲ.

"ಅವ್ವಾ, ನಾನು..."

"ಗೊತ್ತು ಸುಮ್ಕಿರು. ಹಚ್ಚೆ ಹಾಕಿಸ್ಕಂಡೋಳು ನಾನು. ಕೈ ಊದ್ಕಳಲಿಲ್ಲ, ಒಂದು ಹನಿ ರಕ್ತ ಬರಲಿಲ್ಲ, ನನಗೆ ತಿಳಿಯಾಕಿಲ್ವಾ?"

"ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ?"

"ಅವಳು ಅಷ್ಟು ಕಷ್ಟಪಟ್ಟು ಅಳ್ತಿದ್ಲಲ್ಲವ್ವ, ಹೆಂಗೆ ಹೇಳಲಿ?" ಅವರು ಮಗಳ ಕೈಮೇಲಿನ ಮಾಸಿದ ಗೆರೆಯ ಮೇಲೆ ಬೆರಳಾಡಿಸಿದರು. "ನನ್ನ ಮಗ ನನ್ನ ಮೇಲಿನ ಪ್ರೀತಿಗೆ ಸುಳ್ಳು ಹೇಳ್ತಾವ್ಳೆ, ಹೇಳ್ಲಿ ಅಂತ ಸುಮ್ಕಾದೆ."

ನಾನು ಅತ್ತುಬಿಟ್ಟೆ. ಹೆತ್ತವರೇ ಅಳದೆ ಕೂತಿರುವಾಗ ನಾನು ಅಳುವುದು ಸರಿಯಲ್ಲ ಅನ್ನಿಸಿದರೂ ತಡೆಯಲಾಗಲಿಲ್ಲ. ಚಲುವಮ್ಮ ಸೊಂಟದಿಂದ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದರು. ದಾರ ಸುತ್ತಿ ಒಟ್ಟಿಗೆ ಕಟ್ಟಿದ ಸೂಜಿಗಳು. ಒಂದು ಪುಟ್ಟ ಬಟ್ಟಲಲ್ಲಿ ಹರಳೆಣ್ಣೆ ದೀಪದ ಕಾಡಿಗೆ. ಮಗಳಿಗೆ ಉಸಿರಿದ್ದಾಗಲೇ ಅದನ್ನು ಮಾಡಿಟ್ಟುಕೊಂಡಿರಬೇಕು.

"ಈಗ ಹಾಕವ್ವ. ಈಗ ರಕ್ತ ಬರಾಕಿಲ್ಲ. ಈಗ ನೋಯಾಕೂ ಇಲ್ಲ."

ಮರೆಯ ಆಚೆಯಿಂದ ಯಾರೋ ಗಂಡಸರು, ಹೊತ್ತಾಯ್ತು, ಇನ್ನೂ ಎಷ್ಟೊತ್ತು ಅಂದರು. ಕೃಷ್ಣಪ್ಪನವರು ಅವರಿಗೆ, "ಆಗಲಿ ಇರ್ರಪ್ಪ, ತಾಯಿ ಕೆಲಸ ಮುಗೀಲಿ" ಅಂದದ್ದು ಕೇಳಿಸಿತು. ಮಿಷನ್ ಇಲ್ಲದೆ ಕೈಯಲ್ಲೇ ಚುಚ್ಚುವುದನ್ನು ಹಿಂದೆ ಕಲಿತಿದ್ದೆ, ಆದರೆ ಇಂಥ ಕೈಗೆ ಹಾಕುವುದನ್ನು ಯಾರು ಕಲಿಸುತ್ತಾರೆ? ತಣ್ಣಗಿದ್ದ ಆ ಕೈಯನ್ನು ತೊಡೆಯ ಮೇಲೆ ಎಳೆದುಕೊಂಡೆ. ಚಲುವಮ್ಮ ನನಗೆ ಕಾಣಲೆಂದು ತಮ್ಮ ಕೈಯನ್ನು ಪಕ್ಕದಲ್ಲಿ ಚಾಚಿದರು, ಇನ್ನೊಂದು ಕೈಯನ್ನು ಮಗಳ ಹಣೆಯ ಮೇಲಿಟ್ಟರು. ಸೂಜಿಯನ್ನು ಕಾಡಿಗೆಯಲ್ಲಿ ಅದ್ದಿ ತುಳಸಿಕಟ್ಟೆಯ ಮೊದಲ ಚುಕ್ಕಿ ಚುಚ್ಚಿದೆ.

ಅವರು ಬೆಚ್ಚಿ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಮೆಲ್ಲಗೆ ಕಣವ್ವ" ಅಂದರು. "ಅವಳಿಗೆ ಸೂಜಿ ಅಂದ್ರೆ ಆಗಾಕಿಲ್ಲ."

ನಾನು ಮೆಲ್ಲಗೇ ಚುಚ್ಚಿದೆ.