ತೊಳೆದ ಹೂವಿನ ಸೊಕಾತ

ತಿರ್ನಾವ ಹೊಳೆಯ ಎರಡೂ ದಡಗಳಲ್ಲಿ ಸೊಕಾತ ಎಂಬ ಹೂವಿನ ಪಾನಕ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಕುಡಿಯುವ ಹಾಗೆ ಮಾಡುವವನು ಒಬ್ಬನೇ, ಅದು ನಾನು. ಇದನ್ನು ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ಆ ಹೊರೆ ನನ್ನ ಮೇಲೇ ಬಿದ್ದಿದೆ. ನನ್ನ ಸೊಕಾತದ ಒಂದು ಲೋಟ ಕುಡಿದು, ವರ್ಷದಿಂದ ಹಾಸಿಗೆ ಹಿಡಿದಿದ್ದ ನಮ್ಮ ಚಿಕ್ಕಜ್ಜ ಎದ್ದು ಹುಲ್ಲು ಕೊಯ್ಯಲು ಹೋದ. ಪಾದ್ರಿಯ ಕುದುರೆ ಅರ್ಧ ಬಕೆಟ್ಟು ಕುಡಿದು ಬೇಲಿ ಹಾರಿತು. ಆ ಕುದುರೆಗೆ ನೆಟ್ಟಗಿದ್ದದ್ದು ಮೂರೇ ಕಾಲು.

ಇದಕ್ಕೆಲ್ಲ ಮೂಲ ನಮ್ಮ ಹಿತ್ತಲ ಬೇಲಿಯಲ್ಲಿರುವ ಸೋಕ್ ಮರ. ಬೇರೆಯವರ ಸೋಕ್ ಮರಗಳಲ್ಲಿ ಮೇ ತಿಂಗಳ ಕೊನೆಗೆ ಅಂಗೈಯಗಲದ ಬಿಳಿ ಹೂಗೊಂಚಲು ಬಿಡುತ್ತದೆ. ನನ್ನದರಲ್ಲಿ ಬಿಡುವುದು ಬಂಡಿಯ ಗಾಲಿಯಷ್ಟು ಅಗಲದ್ದು. ಪರಿಮಳಕ್ಕೆ ಪಕ್ಕದೂರಿನ ಜೇನ್ನೊಣಗಳು ತಮ್ಮ ರಾಣಿಯನ್ನು ಬಿಟ್ಟು ಬರುತ್ತವೆ. ಒಂದೇ ಒಂದು ಕೊರತೆ: ಅರ್ಧ ಕೊಂಬೆಗಳು ನಮ್ಮ ಕಡೆಗಿವೆ, ಬುಡ ಆಚೆ ಮನೆಯದು.

ಆಚೆ ಮನೆಯಲ್ಲಿ ಇಷ್ಟು ಕಾಲ ಯಾರೂ ಇರಲಿಲ್ಲ. ಕಳೆದ ವರ್ಷ ಕ್ಲೂಜ್ ನಗರದಿಂದ ಸಿಡೋನಿಯಾ ಎಂಬಾಕೆ ಅದನ್ನು ಕೊಂಡು ಬಂದು ಸೇರಿದರು. ಔಷಧದಂಗಡಿ ನಡೆಸಿ ನಿವೃತ್ತರಾದವರು, ಒಂಟಿ ಜೀವ. ಸ್ವಚ್ಛತೆ ಎಂದರೆ ಎಷ್ಟು ಸ್ವಚ್ಛತೆ ಎಂದರೆ, ಅವರ ಮನೆಯ ಬೆಕ್ಕು ಒಳಗೆ ಹೋಗುವ ಮುಂಚೆ ಬಾಗಿಲಲ್ಲಿ ನಿಂತು ಯೋಚನೆ ಮಾಡುತ್ತಿತ್ತು. ಅವರ ಕಾರು ಹಾಲಿನಂತೆ ಬೆಳ್ಳಗಿತ್ತು. ಅದನ್ನು ಅವರು ಸೋಕ್ ಮರದ ಕೆಳಗೆ ನಿಲ್ಲಿಸಿದರು. ಆಗ ಮರದ ತುಂಬ ಕಪ್ಪು ಹಣ್ಣು. ಹಕ್ಕಿಗಳು ಹಣ್ಣು ತಿಂದವು, ತಿಂದ ಮೇಲೆ ಮಾಡಬೇಕಾದ್ದನ್ನು ಮಾಡಿದವು. ಒಂದು ವಾರಕ್ಕೆ ಕಾರು ಬಿಷಪ್ಪರ ನೇರಳೆ ನಿಲುವಂಗಿಯ ಬಣ್ಣಕ್ಕೆ ತಿರುಗಿತು.

ಚಳಿಗಾಲವೆಲ್ಲ ಅವರು ಸುಮ್ಮನಿದ್ದರು. ಈ ಸಲ ಹೂ ಬಿಡುವ ಹೊತ್ತಿಗೆ ಬೇಲಿಯ ಹತ್ತಿರ ಬಂದು, "ಪಾಂಫಿಲ್ ಅವ್ರೇ, ಬರೋ ಸೋಮವಾರ ಗ್ಲಿಗೋರ್ ಗರಗಸ ತಗೊಂಡು ಬರ್ತಾನೆ. ಮರ ತೆಗೆಸಿ ಅಲ್ಲಿ ಕಾರಿಗೊಂದು ಶೆಡ್ಡು ಹಾಕಿಸ್ತೀನಿ. ಸದ್ದಾಗುತ್ತೆ, ಬೇಜಾರು ಮಾಡ್ಕೋಬೇಡಿ," ಎಂದರು.

ನನ್ನ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ ಪಕ್ಕದ ಗೂಡಿನ ಕೋಳಿಗಳು ಎದ್ದು ನಿಂತವು. ಆದರೂ ಮುಖ ಗಂಭೀರ ಮಾಡಿಕೊಂಡು, "ಮೇಡಂ, ಸೋಕ್ ಮರ ಕಡೀಬಾರದು. ಅದರ ಬುಡದಲ್ಲಿ ಹೆಸರು ಹೇಳಬಾರದೋನು ಇರ್ತಾನೆ. ಕಡಿಸಿದವ್ರ ಹಲ್ಲು ಒಂದೊಂದಾಗಿ ಉದುರಿ ಹೋಗುತ್ತೆ," ಎಂದೆ.

"ನಂದು ಆಗ್ಲೇ ಉದುರಿದೆ. ಇದು ಕಟ್ಟಿಸಿದ್ದು," ಎಂದು ಅವರು ನಕ್ಕು ತೋರಿಸಿದರು. ಒಳ್ಳೇ ಕೆಲಸ ಮಾಡಿದ್ದ ಹಲ್ಲಿನ ಡಾಕ್ಟರು.

ಆಗ ನಾನು ನನ್ನ ದೊಡ್ಡ ಫಿರಂಗಿ ಹೊರಗೆ ತೆಗೆದೆ. "ಒಂದು ಮಾತು. ಈ ಮರದ ಹೂವಿಂದ ನಾನು ಮಾಡಿದ ಸೊಕಾತ ಒಂದು ಲೋಟ ಕುಡೀರಿ. ಆಮೇಲೂ ಕಡಿಸ್ಬೇಕು ಅನ್ಸಿದ್ರೆ ಗರಗಸದ ಇನ್ನೊಂದು ತುದಿ ನಾನೇ ಹಿಡೀತೀನಿ."

"ಗ್ಲಿಗೋರಂದು ಪೆಟ್ರೋಲ್ ಗರಗಸ. ಅದಕ್ಕೆ ಇನ್ನೊಂದು ತುದಿ ಇಲ್ಲ," ಎಂದರು ಸಿಡೋನಿಯಾ. ಸ್ವಲ್ಪ ಯೋಚಿಸಿ, "ಆಯ್ತು. ಭಾನುವಾರ ಪೂಜೆ ಮುಗಿಸ್ಕೊಂಡು ಬರ್ತೀನಿ. ಚೆನ್ನಾಗಿದ್ರೆ ಮರ ಇರ್ಲಿ. ಶೆಡ್ಡು ಆ ಕಡೆ ಹಾಕಿಸ್ತೀನಿ. ಆದ್ರೆ ಒಂದು ವಿಷ್ಯ, ಎಲ್ಲ ಶುದ್ಧವಾಗಿರ್ಬೇಕು," ಎಂದರು.

ಆ ಕೊನೆಯ ಮಾತೇ ನನ್ನ ತಲೆ ಕೆಡಿಸಿದ್ದು.

ಸೊಕಾತ ಮಾಡುವ ರೀತಿ ನಮ್ಮೂರಿನ ಹಾಲು ಕುಡಿಯುವ ಕೂಸಿಗೂ ಗೊತ್ತು. ಇಬ್ಬನಿ ಆರಿದ ಮೇಲೆ, ಬಿಸಿಲು ಖಾರವಾಗುವ ಮುಂಚೆ ಹೂ ಕೀಳಬೇಕು. ಗೊಂಚಲನ್ನು ಮೆಲ್ಲಗೆ ಕೊಡವಿ ಹುಳ ಬೀಳಿಸಬೇಕು. ದೊಡ್ಡ ಗಾಜಿನ ಭರಣಿಗೆ ಹಾಕಿ, ಬಾವಿಯ ನೀರು, ಸಕ್ಕರೆ, ನಿಂಬೆಹೋಳು ಸೇರಿಸಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ಜಗಲಿಯ ಬಿಸಿಲಿಗಿಡಬೇಕು. ನಾಲ್ಕಾರು ದಿನಕ್ಕೆ ಅದು ತಾನಾಗಿ ಎಚ್ಚರಗೊಂಡು ಗುಳ್ಳೆ ಬಿಡುತ್ತದೆ. ಮಾಡಬಾರದ ಕೆಲಸ ಒಂದೇ: ಹೂವನ್ನು ತೊಳೆಯಬಾರದು. ಹೂವಿನ ಮೇಲಿನ ಹಳದಿ ಪುಡಿಯೇ ಸೊಕಾತದ ಜೀವ. ಪರಿಮಳವೂ ಅದರಲ್ಲೇ, ಹುಳಿಯೇರುವ ಶಕ್ತಿಯೂ ಅದರಲ್ಲೇ.

ಇಷ್ಟೆಲ್ಲ ಗೊತ್ತಿದ್ದವನು ನಾನು. ನಮ್ಮ ಕಡೆಯ, ಬಿಸಿಲು ಬೀಳುವ ಕೊಂಬೆಗಳ ಅರಳಿದ ಹೂವನ್ನೆಲ್ಲ ಬುಟ್ಟಿ ತುಂಬ ಕಿತ್ತು ತಂದೆ. ಭರಣಿಗೆ ಹಾಕಬೇಕು, ಅಷ್ಟರಲ್ಲಿ ಬೇಲಿಯ ಆಚೆ ಸಿಡೋನಿಯಾ ಬಟ್ಟೆ ಒಣಹಾಕುತ್ತಾ ನನ್ನನ್ನೇ ನೋಡುತ್ತಿರುವುದು ಕಾಣಿಸಿತು. ಗೊಂಚಲಿನಿಂದ ಒಂದು ಜೀರುಂಡೆ ಇಳಿದು ನನ್ನ ತೋಳಿನ ಮೇಲೆ ಬೆಳಗಿನ ಸುತ್ತಾಟಕ್ಕೆ ಹೊರಟಿತು. ನನಗೆ ಏನಾಯಿತೋ, ಬಾವಿಯಿಂದ ನೀರು ಸೇದಿ, ಅವರಿಗೆ ಕಾಣುವ ಹಾಗೆ ದೊಡ್ಡ ತೊಟ್ಟಿಯಲ್ಲಿ ಹೂವನ್ನು ಮುಳುಗಿಸಿ ತೊಳೆದೆ. ಒಂದು ಸಲವಲ್ಲ, ನೀರು ಹಳದಿಯಾಗುವುದು ನಿಲ್ಲುವವರೆಗೂ ತೊಳೆದೆ. ನನ್ನ ಮದುವೆಯ ದಿನ ನಾನೇ ಅಷ್ಟು ಚೊಕ್ಕವಾಗಿ ಸ್ನಾನ ಮಾಡಿರಲಿಲ್ಲ.

ನನ್ನ ಹೆಂಡತಿ ವೆಟೂರಿಯಾ ಅಡಿಗೆಮನೆಯಿಂದ ಹೊರಗೆ ಬಂದವಳು ತೊಟ್ಟಿಯನ್ನೂ ನನ್ನನ್ನೂ ನೋಡಿದಳು.

"ಏನ್ ಮಾಡ್ತಾ ಇದ್ದೀಯ ಮಾರಾಯ?"

"ಮೆಲ್ಲಗೆ ಮಾತಾಡು. ಶುದ್ಧ ಮಾಡ್ತಾ ಇದ್ದೀನಿ."

"ಶುದ್ಧ ಅಲ್ಲ, ಶವಸಂಸ್ಕಾರ. ಆ ಪುಡಿ ಎಲ್ಲ ಚರಂಡಿಗೆ ಹೋಯ್ತಲ್ಲ. ಇನ್ನು ಆ ಚರಂಡಿ ನೀರು ಕುಡಿ, ಅದೇ ರುಚಿಯಾಗಿರುತ್ತೆ."

"ನನ್ನ ಕೈಗುಣ ಇದೆ ಕಣೆ. ನಾನು ಸೌದೆ ನೆನೆಹಾಕಿದ್ರೂ ಗುಳ್ಳೆ ಬರುತ್ತೆ."

"ಹೌದು ಹೌದು. ನೀನು ಮಾತಾಡಿದ್ರೂ ಗುಳ್ಳೆ ಬರುತ್ತೆ," ಎಂದು ಅವಳು ಒಳಗೆ ಹೋದಳು.

ಮಾರನೆಯ ದಿನ ಭರಣಿ ಸುಮ್ಮನಿತ್ತು. ಅದರ ಮಾರನೆಯ ದಿನವೂ ಸುಮ್ಮನಿತ್ತು. ಕಿವಿಯಿಟ್ಟು ಕೇಳಿದೆ, ನಮ್ಮೂರ ಸ್ಮಶಾನ ಅದಕ್ಕಿಂತ ಗದ್ದಲದ ಜಾಗ. ಹೊಸ ಹೂ ಕಿತ್ತು ಮತ್ತೆ ಶುರುಮಾಡೋಣವೆಂದರೆ ಮಳೆ ಹಿಡಿಯಿತು. ನೋಹನ ಕಾಲದ ಮಳೆ ಇದರ ಮುಂದೆ ಪನ್ನೀರು ಚಿಮುಕಿಸಿದ ಹಾಗೆ. ಮಳೆಯಲ್ಲಿ ನೆಂದ ಹೂವಿಗೂ ತೊಳೆದ ಹೂವಿಗೂ ವ್ಯತ್ಯಾಸವಿಲ್ಲ. ಶುಕ್ರವಾರ ಬಂದರೂ ನನ್ನ ಭರಣಿಯಲ್ಲಿದ್ದದ್ದು ಸಕ್ಕರೆ ನೀರು, ಅದರ ಮೇಲೆ ತೇಲುವ ಬಿಳಿ ಕಸ. ಕಿಟಕಿಯಿಂದ ಸೋಕ್ ಮರ ನೋಡಿದೆ. ಅದೂ ನನ್ನನ್ನು ನೋಡಿತು. ಅದರ ನೆರಳಿನಲ್ಲೇ ನಾನು ಅಂಬೆಗಾಲಿಟ್ಟದ್ದು. ಅದರ ಟೊಂಗೆಯ ತಿರುಳು ತೆಗೆದು ಪೀಪಿ ಮಾಡಿಕೊಂಡದ್ದು. ಹೀಗೆ ಬರೆಯುತ್ತಾ ಹೋದರೆ ನೀವು ಅಳುತ್ತೀರಿ, ನಾನೂ ಅಳುತ್ತೇನೆ, ಕೆಲಸ ಕೆಡುತ್ತದೆ.

ಶನಿವಾರ ಅಂಗಡಿಗೆ ಹೋಗಿ ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಯೀಸ್ಟಿನ ಒಂದು ಗಟ್ಟಿ ತಂದೆ. ತಿಳಿದವರು ಅದರಲ್ಲಿ ಕಡಲೆಕಾಳಿನಷ್ಟು ಹಾಕುತ್ತಾರೆ. ನಾನು ಇಡೀ ಗಟ್ಟಿಯನ್ನು ಪುಡಿಮಾಡಿ ಹಾಕಿ ಭರಣಿಯನ್ನು ಒಲೆಯ ಪಕ್ಕಕ್ಕಿಟ್ಟೆ.

ಎಚ್ಚರವಾಯಿತು ನೋಡಿ. ಊಟದ ಹೊತ್ತಿಗೆ ಬಾಯಿಯ ಬಟ್ಟೆ ಗುಡಾರದಂತೆ ಉಬ್ಬಿತು. ಸಂಜೆಗೆ ನೊರೆ ಭರಣಿಯಿಂದ ಇಳಿದು, ಮೇಜಿನಿಂದ ಇಳಿದು, ವೆಟೂರಿಯಾಳ ಚರ್ಚಿಗೆ ಹೋಗುವ ಬೂಟಿನೊಳಗೆ ಹೊಕ್ಕಿತು. ಮನೆಯೆಲ್ಲ ಬೇಕರಿಯ ವಾಸನೆ. ಬೀದಿಯಲ್ಲಿ ಹೋಗುತ್ತಿದ್ದ ಒಬ್ಬರು ನಿಂತು, ಬ್ರೆಡ್ಡು ಯಾವಾಗ ಬೇಯುತ್ತದೆ ಎಂದು ಕೇಳಿಕೊಂಡು ಹೋದರು.

"ಇದನ್ನ ಆ ಹೆಂಗಸಿಗೆ ಕುಡಿಸ್ತೀಯ?" ವೆಟೂರಿಯಾ ಕೇಳಿದಳು.

"ಗುಳ್ಳೆ ಇದೆಯೋ ಇಲ್ವೋ?"

"ಗುಳ್ಳೆ ಸೋಪಿನ ನೀರಲ್ಲೂ ಇರುತ್ತೆ," ಎಂದು ಅವಳು ಬೂಟನ್ನು ತಲೆಕೆಳಗೆ ಮಾಡಿ ಒಲೆಯ ಬಳಿ ಒಣಗಲಿಟ್ಟಳು.

ಭಾನುವಾರ ಮಳೆ ನಿಂತಿತ್ತು. ಸಿಡೋನಿಯಾ ಬಿಳಿಯ ಕಾಲರಿನ ಅಂಗಿ ತೊಟ್ಟು, ತಮ್ಮ ಮನೆಯಿಂದಲೇ ತಮ್ಮ ಲೋಟ ತಂದು ನಮ್ಮ ಜಗಲಿಯಲ್ಲಿ ಕುಳಿತರು. ಲೋಟವನ್ನು ಕರವಸ್ತ್ರದಿಂದ ಒಮ್ಮೆ ಒರೆಸಿದರು. ನಾನು ಸೋಸಿ ಬಗ್ಗಿಸಿದೆ. ಬಣ್ಣ ಪಾತ್ರೆ ತೊಳೆದ ನೀರಿನದು. ಅವರು ಒಂದು ಗುಟುಕು ಕುಡಿದು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡರು. ಉಗುಳಲು ಜಾಗ ಹುಡುಕುತ್ತಿದ್ದಾರೋ ಎಂದು ನಾನು ಹೂವಿನ ಕುಂಡವನ್ನು ಹತ್ತಿರಕ್ಕೆ ಸರಿಸಿದೆ. ಮರ್ಯಾದಸ್ಥರು, ನುಂಗಿದರು.

"ಪಾಂಫಿಲ್ ಅವ್ರೇ, ಇದ್ರಲ್ಲಿ ಬನ್ನು ನೆನೆಹಾಕಿದ್ರಾ?"

"ಅದು ಹೊಸ ಪದ್ಧತಿ ಮೇಡಂ."

"ಹೂವಿನ ವಾಸನೆಯೇ ಇಲ್ಲ. ಹೂ ಏನ್ ಮಾಡಿದ್ರಿ?" ಅವರ ಕಣ್ಣು ಕಿರಿದಾಯಿತು. "ಆವತ್ತು ತೊಟ್ಟೀಲಿ ತೊಳೀತಾ ಇದ್ರಲ್ಲ, ಅದು ಈ ಹೂವಾ? ನಾನು ನಿಮ್ಮ ಅಂಗಿ ಅನ್ಕೊಂಡಿದ್ದೆ."

"ನೀವೇ ಶುದ್ಧ ಅಂದ್ರಲ್ಲ."

"ಭರಣಿ ಶುದ್ಧ ಇರ್ಲಿ ಅಂತ ಹೇಳಿದ್ದು. ಸೋಕ್ ಹೂವನ್ನ ಯಾರಾದ್ರೂ ತೊಳೀತಾರಾ? ಹಾಲಿನ ಕೆನೆ ತೊಳೀತಾರಾ? ನಮ್ಮಮ್ಮ ನೋಡಿದ್ರೆ ಈ ಭರಣಿ ನಿಮ್ಮ ತಲೆ ಮೇಲೆ ಕವುಚಿರೋಳು. ನಸೌದ್ ಕಡೆ ಹಳ್ಳಿ ನಮ್ದು. ಅವಳು ಮಾಡ್ತಿದ್ದ ಸೊಕಾತ ಮೂಗಿಗೆ ಹತ್ತಿ ಕಣ್ಣಲ್ಲಿ ನೀರು ಬರ್ತಿತ್ತು." ಅವರು ಲೋಟವನ್ನು ಮೇಜಿನ ಮೇಲೆ ದೂರ ತಳ್ಳಿದರು. "ಇದು ಚೆನ್ನಾಗಿಲ್ಲ. ಮಾತು ಮಾತೇ. ನಾಳೆ ಗ್ಲಿಗೋರ್ ಬರ್ತಾನೆ."

ಮರ ಹೋಯಿತು ಎನ್ನುವ ಆ ಗಳಿಗೆಯಲ್ಲಿ ಬೇರೆ ಯಾರಾದರೂ ಆಗಿದ್ದರೆ ಕಾಲಿಗೆ ಬೀಳುತ್ತಿದ್ದರು. ನಾನು ಕಾಲು ಚಾಚಿ ಕುಳಿತೆ.

"ಅಮ್ಮ ಮಾಡ್ತಿದ್ರು ಅನ್ನೋದು ಸುಲಭ ಮೇಡಂ. ಅಮ್ಮನ ಕಾಲದ ಸೊಕಾತ ಎಲ್ಲರ ಮನೇಲೂ ಚೆನ್ನಾಗೇ ಇತ್ತು. ನೀವು ಮಾಡಬಲ್ಲಿರಾ? ಔಷಧದಂಗಡಿಯವ್ರ ಸೊಕಾತ ಹೇಗಿರುತ್ತೆ ನಂಗೊತ್ತು. ಊಟ ಆದ್ಮೇಲೆ ಎರಡು ಚಮಚ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ."

ಪಕ್ಕದಲ್ಲಿ ಕುಳಿತಿದ್ದ ವೆಟೂರಿಯಾ ಮೇಜಿನ ಕೆಳಗೆ ನನ್ನ ಮೊಣಕಾಲಿಗೆ ಒದ್ದಳು. ಸಿಡೋನಿಯಾರ ಮುಖ ಬೀಟ್‌ರೂಟಾಯಿತು.

"ನಿಮಗಿಂತ ಕೆಟ್ಟದಾಗಿ ಮಾಡೋಕೆ ಯಾರಿಗೂ ಆಗಲ್ಲ," ಎಂದರು.

"ಮಾಡಿ ತೋರ್ಸಿ. ಆದ್ರೆ ಹೂ ಎಲ್ಲಿಂದ ತರ್ತೀರಿ? ನಾಳೆ ಮರಾನೇ ಇರಲ್ವಲ್ಲ."

ಅವರು ಲೋಟ ಎತ್ತಿಕೊಂಡು ಹೊರಟುಹೋದರು.

ಸೋಮವಾರ ಬೆಳಿಗ್ಗೆ ಬಿಸಿಲು ಬಂತು. ಗ್ಲಿಗೋರ್ ಹೆಗಲ ಮೇಲೆ ಗರಗಸ ಹೊತ್ತು ಬಂದ. ಅವನು ಮರ ಕಡಿಯುವವನು, ಎರಡು ಕಣಿವೆಗೆ ಒಬ್ಬನೇ. ಅವನ ಮೀಸೆಯಲ್ಲಿ ಸದಾ ಮರದ ಹೊಟ್ಟು. ನಾನು ಜೀವವನ್ನು ಕೈಯಲ್ಲಿ ಹಿಡಿದುಕೊಂಡು ಬೇಲಿಯ ಹತ್ತಿರ ಓಡಿದೆ. ನೋಡಿದರೆ ಸಿಡೋನಿಯಾ ಏಣಿಯ ಮೇಲಿದ್ದರು. ಅವರ ಕಡೆಯ ನೆರಳಿನ ಕೊಂಬೆಗಳಲ್ಲಿ ಮೊಗ್ಗಾಗಿದ್ದ ಗೊಂಚಲುಗಳು ಮಳೆ ಮುಗಿದ ಮೇಲೆ ಆಗತಾನೆ ಅರಳುತ್ತಿದ್ದವು. ಅವರು ಒಂದೊಂದನ್ನೇ ಮೂಸಿ ನೋಡಿ, ಕೊಡವಿ, ಕೊರಳಿಗೆ ತಗಲಿಸಿಕೊಂಡ ಬುಟ್ಟಿಗೆ ಹಾಕುತ್ತಿದ್ದರು. ಮೂಗಿನ ತುದಿ ಹಳದಿಯಾಗಿತ್ತು. ಆ ಮೂಗನ್ನು ಅವರು ಒರೆಸಿಕೊಂಡಿರಲಿಲ್ಲ.

"ಅಕ್ಕೋರೆ, ಕಡೀಲಾ?" ಎಂದ ಗ್ಲಿಗೋರ್.

"ಆ ಯಂತ್ರ ಶುರು ಮಾಡ್ಬೇಡ. ಹೊಗೆ ಹೂವಿಗೆ ಹತ್ತುತ್ತೆ. ಬಂದು ಏಣಿ ಹಿಡ್ಕೋ."

"ನಾನು ಬಂದಿದ್ದು ಕಡಿಯೋಕೆ."

"ಕಡಿಯೋದು ಬಿಡೋದು ಭಾನುವಾರ ಹೇಳ್ತೀನಿ. ಈಗ ಹಿಡ್ಕೋ, ಅಲುಗಾಡ್ತಾ ಇದೆ."

ಗ್ಲಿಗೋರ್ ಗರಗಸ ನೆಲಕ್ಕಿಟ್ಟು ಏಣಿ ಹಿಡಿದುಕೊಂಡ. ನಾನು ಬೇಲಿಯ ಈಚೆಯಿಂದ, ಆ ಗೊಂಚಲು ಬಿಡಿ, ಈ ಗೊಂಚಲು ಕೀಳಿ ಎಂದು ಸಲಹೆ ಕೊಡತೊಡಗಿದೆ. ಹೂ ತೊಳೆಯುವವರ ಸಲಹೆ ಬೇಡ ಎಂದು ಏಣಿಯ ಮೇಲಿಂದ ಉತ್ತರ ಬಂತು.

ಆ ವಾರವಿಡೀ ಅವರ ಕಿಟಕಿಯಲ್ಲಿ ಭರಣಿ ಬಿಸಿಲು ಕಾಯಿಸಿಕೊಂಡಿತು. ನಾನು ದಿನವೂ ಬೇಲಿಯ ಸಂದಿಯಿಂದ ನೋಡುತ್ತಿದ್ದೆ. ಬುಧವಾರದ ಹೊತ್ತಿಗೆ ಹೂ ಮೇಲೇರಿತು. ಶುಕ್ರವಾರ ಗುಳ್ಳೆಗಳು ಭರಣಿಯ ಒಳಗೆ ಸಾಲು ಕಟ್ಟಿ ಮೆರವಣಿಗೆ ಹೊರಟವು. ಅದು ಕೆಟ್ಟು ಹೋಗಲಿ ಎಂದು ಬಯಸಬೇಕೋ, ಚೆನ್ನಾಗಿ ಬರಲಿ ಎಂದು ಬಯಸಬೇಕೋ ತಿಳಿಯಲಿಲ್ಲ.

ಭಾನುವಾರ ಅವರ ಅಂಗಳದಲ್ಲಿ, ಸೋಕ್ ಮರದ ಕೆಳಗೇ ಮೇಜು ಹಾಕಿದ್ದರು. ವೆಟೂರಿಯಾ ಚೀಸಿನ ಕಡುಬು ಮಾಡಿ ತಂದಿದ್ದಳು. ಗ್ಲಿಗೋರ್ ಗರಗಸದೊಂದಿಗೆ ಬಂದಿದ್ದ. ಯಾವುದಕ್ಕೂ ಇರಲಿ ಎಂದು. ಸಿಡೋನಿಯಾ ನನ್ನ ಲೋಟಕ್ಕೆ ಬಗ್ಗಿಸಿದರು. ಎಳೆಬಿಸಿಲಿನ ಬಣ್ಣ.

"ಕುಡೀರಿ. ಇದು ನಿಮ್ಮದಕ್ಕಿಂತ ಚೆನ್ನಾಗಿದೆಯಾ ಇಲ್ವಾ, ಇವರಿಬ್ಬರ ಮುಂದೆ ಬಾಯ್ಬಿಟ್ಟು ಹೇಳಿ. ಇದೆ ಅಂದ್ರೆ ಮರ ಇರುತ್ತೆ, ಪ್ರತಿ ವರ್ಷ ನಾನೂ ಮಾಡ್ತೀನಿ. ಇಲ್ಲ ಅಂದ್ರೆ ನಂಗೆ ಈ ಮರದಿಂದ ಉಪಯೋಗ ಇಲ್ಲ."

ಕುಡಿದೆ. ಅದು ಮೂಗಿಗೆ ಹತ್ತಿತು. ಕಣ್ಣಲ್ಲಿ ನೀರು ಬಂತು. ಮಳೆ ನಿಂತ ಬೆಳಗಿನ ಬೇಲಿಯೇ ಬಾಯೊಳಗೆ ಬಂದು ಕುಳಿತಂತಾಯಿತು.

"ಪರವಾಗಿಲ್ಲ," ಎಂದೆ.

ಸಿಡೋನಿಯಾ ಗ್ಲಿಗೋರನ ಕಡೆ ನೋಡಿದರು. ಗ್ಲಿಗೋರ್ ಗರಗಸದ ಕಡೆ ನೋಡಿದ.

"ಚೆನ್ನಾಗಿದೆ," ಎಂದೆ.

"ಯಾವುದಕ್ಕಿಂತ?"

ನನ್ನ ನಾಲಿಗೆ ಬಂಡೆಯಾಯಿತು. ಇಡೀ ಜೀವಮಾನದಲ್ಲಿ ನಾನು ಎತ್ತಿದ ಭಾರಗಳಿವೆ: ಎತ್ತಿನ ಬಂಡಿ ಎತ್ತಿದ್ದೇನೆ, ಎತ್ತುಗಳ ಸಮೇತ. ಅದೆಲ್ಲ ಹತ್ತಿಯ ಮೂಟೆ. ವೆಟೂರಿಯಾ ನನ್ನ ಬೆನ್ನಿಗೆ ಮೊಣಕೈಯಿಂದ ತಿವಿದು, "ಹೇಳು ಮಾರಾಯ, ಸಾಯಲ್ಲ," ಎಂದಳು.

"ನಂದಕ್ಕಿಂತ," ಎಂದೆ.

"ಪೂರ್ತಿ ಹೇಳಿ."

"ನಿಮ್ಮ ಸೊಕಾತ ನನ್ನ ಸೊಕಾತಕ್ಕಿಂತ ಚೆನ್ನಾಗಿದೆ."

ಗ್ಲಿಗೋರ್ ಟೋಪಿ ತೆಗೆದ. ಊರಲ್ಲಿ ಯಾರಾದರೂ ಸತ್ತಾಗ ಮಾತ್ರ ಅವನು ಹಾಗೆ ಮಾಡುವುದು. ಸಿಡೋನಿಯಾ ಶೆಡ್ಡಿನ ಜಾಗವನ್ನು ಆ ಕಡೆಯ ಗೋಡೆಯ ಪಕ್ಕ ಬೆರಳು ಮಾಡಿ ತೋರಿಸಿದರು. ಆಮೇಲೆ ಎಲ್ಲರ ಲೋಟ ತುಂಬಿಸಿದರು, ನನ್ನದೊಂದನ್ನು ಬಿಟ್ಟು.

"ಇನ್ನೊಂದ್ಸಲ ಹೇಳಿದ್ರೆ ಹಾಕ್ತೀನಿ," ಎಂದರು.

ಮರ ಆಗಲೇ ಉಳಿದಿತ್ತು. ಹೇಳುವ ಅಗತ್ಯವೇನೂ ಇರಲಿಲ್ಲ. ನಾನು ಲೋಟ ಮುಂದಕ್ಕೆ ಚಾಚಿ, ಮೊದಲಿಗಿಂತ ಸ್ವಲ್ಪ ಜೋರಾಗಿಯೇ ಹೇಳಿದೆ.